ಬ್ರಷ್ ಆಫ್ ಕಲಿಸಿದ ಬೆಳಿಗ್ಗೆ

ಆ ಆದಿತ್ಯವಾರ ಬೆಳಿಗ್ಗೆ ಕಡಲ ದಡದ ಕೋಡಿ ಊರಿನ ಟ್ಯೂಶನ್ನಿನಲ್ಲಿ ಹತ್ತನೇ ಕ್ಲಾಸಿನವರಿಗೆ ಇಂಗ್ಲಿಷಿನ ‘ಬ್ರಷ್ ಆಫ್’ ಕಲಿಸುತ್ತಿದ್ದೆ. ಯಾರೋ ಮುಖ್ಯವಾದ ಮಾತು ಹೇಳುತ್ತಾರೆ, ನಾವು ಅದಕ್ಕೆ ಕವಡೆ ಕಿಮ್ಮತ್ತೂ ಕೊಡದೆ ಅಂಗಿಯ ಧೂಳಿನ ಹಾಗೆ ಕೊಡವಿಬಿಡುತ್ತೇವಲ್ಲ, ಅದೇ. ಸಾಲಿಗ್ರಾಮದಿಂದ ಬರುವ ಬಸ್ಸಿನಲ್ಲಿ ನಾನು ‘ನಿಲ್ಸಿ’ ಎಂದದ್ದನ್ನು ಕಂಡಕ್ಟರ್ ಬ್ರಷ್ ಆಫ್ ಮಾಡಿದ ಎಂದೆ. ಮಕ್ಕಳು ನಕ್ಕರು. ನಿಮ್ಮ ಮನೆಯದೇ ಒಂದೊಂದು ವಾಕ್ಯ ಬರೆಯಿರಿ ಎಂದೆ.

ಮೀನುಗಾರರ ಮನೆಯ ಹುಡುಗಿಯೊಬ್ಬಳು ಬರೆದಿದ್ದಳು: ಗಾಳಿಯ ಎಚ್ಚರಿಕೆಯನ್ನು ಅಜ್ಜಿ ಬ್ರಷ್ ಆಫ್ ಮಾಡಿದರು. ನಾನು ರೈಟ್ ಹಾಕಿ, ಗುಡ್ ಎಂದು ಮುಂದಿನ ಪುಸ್ತಕಕ್ಕೆ ಕೈ ಚಾಚಿದೆ. ಅವಳು ಕದಲಲಿಲ್ಲ.

"ಇದ್ ಇವತ್ತಿಂದೇ ಟೀಚರ್. ಅಪ್ಪ ದೋಣಿಗೆ ಹೊರಟಾಯ್ತ್. ಅಜ್ಜಿ ಕರೂಕ್ ಬಿಡ್ಲಿಲ್ಲ."

ಮೊಬೈಲಿಗೆ ಎಚ್ಚರಿಕೆ ಬಂದದ್ದು ಅಪ್ಪ ಹೊಸ್ತಿಲು ದಾಟಿದ ಮೇಲಂತೆ. ಕಡಲಿಗೆ ಹೊರಟವರನ್ನು ಹಿಂದಿನಿಂದ ಕರೆದರೆ ಕೇಡು. ಫೋನ್ ಮಾಡಿದರೂ ಕರೆದ ಹಾಗೇ ಎಂದು ಅಜ್ಜಿ ಮೊಬೈಲ್ ಕಿತ್ತುಕೊಂಡು, ಅವಳನ್ನು ಟ್ಯೂಶನ್ನಿಗೆ ದಬ್ಬಿದ್ದರು.

ನನ್ನ ಬ್ಯಾಗಿನಲ್ಲಿ ಫೋನಿತ್ತು. ಹುಡುಗಿ ಅಪ್ಪನ ನಂಬರನ್ನು ಬಾಯಿಪಾಠ ಹೇಳಿದಳು. ಅಷ್ಟೂ ಅಂಕಿ ಒತ್ತಿದೆ, ಹಸಿರು ಗುಂಡಿಯ ಹತ್ತಿರ ಬೆರಳು ನಿಂತುಬಿಟ್ಟಿತು. ನನ್ನಪ್ಪನೂ ಹಂಗಾರಕಟ್ಟೆಯಿಂದ ದೋಣಿಗೆ ಹೋಗುತ್ತಿದ್ದವರೇ. ಅಮ್ಮ ಒಂದು ದಿನವೂ ಹಿಂದಿನಿಂದ ಕರೆದವಳಲ್ಲ. ನಾನು ಕರೆದು, ಆಮೇಲೆ ಏನಾದರೂ ಆದರೆ? ಏನೂ ಆಗುವುದಿಲ್ಲ, ಕೂತುಕೋ ಎಂದುಬಿಟ್ಟೆ.

ಆಮೇಲೆ ಪಾಠ ಮಾಡಿದ್ದು ನನ್ನ ಬಾಯಿ ಮಾತ್ರ. ತೆಂಗಿನ ಗರಿ ಸದ್ದು ಮಾಡಿದಾಗಲೆಲ್ಲ ಕಿಟಕಿಯ ಕಡೆ ತಿರುಗುತ್ತಿದ್ದೆ. ಹುಡುಗಿ ಪುಸ್ತಕ ಬಿಟ್ಟು ನನ್ನ ಬ್ಯಾಗನ್ನೇ ನೋಡುತ್ತಿದ್ದಳು. ನನ್ನ ಮೇಲೆ ನನಗೇ ಬಂದ ಸಿಟ್ಟನ್ನು ಪಿಸುಗುಟ್ಟುತ್ತಿದ್ದ ಇಬ್ಬರ ಮೇಲೆ ತೀರಿಸಿದೆ, ಪಾಪ.

ಕ್ಲಾಸ್ ಬಿಟ್ಟದ್ದೇ ಅವಳೂ ನಾನೂ ದಡಕ್ಕೆ ಓಡಿದೆವು. ಅವಳ ಅಜ್ಜಿ ಆಗಲೇ ಅಲ್ಲಿ ನಿಂತಿದ್ದರು. ಹೊಳೆ ಕಡಲು ಸೇರುವ ಅಳಿವೆಯ ಬಾಯಲ್ಲಿ ತೆರೆ ಆಳೆತ್ತರ ಏಳುತ್ತಿತ್ತು. ಒಂದು ದೋಣಿ ಬಂತು, ಅವರದ್ದಲ್ಲ. ಇನ್ನೊಂದು ಬಂತು, ಅದೂ ಅಲ್ಲ. ಮಧ್ಯಾಹ್ನ ದಾಟಿದ ಮೇಲೆ ಅವರ ದೋಣಿ ಬಂತು. ಬಲೆ ಕಡಲುಪಾಲಾಗಿತ್ತು, ಅವಳಪ್ಪನ ಹಣೆ ಒಡೆದಿತ್ತು. ಅಜ್ಜಿ ಸೆರಗಿನಿಂದ ರಕ್ತ ಒತ್ತಿ ಹಿಡಿದು, ನನ್ನ ಕಡೆ ತಿರುಗಿದರು.

"ಹಿಂದಿಂದ ಕರಿಲಿಲ್ಲ ಕಾಣಿ, ಅದ್ಕೇ ಜೀವ ಉಳೀತ್."

ಕರೆಯದೆ ಕೂತವಳು ನಾನೂ ತಾನೆ. ಹೌದೆಂದು ತಲೆಯಾಡಿಸಿದೆ. ಹುಡುಗಿ ಅದನ್ನು ನೋಡಿದಳು. ಹತ್ತಿರ ಬಂದು ಮೆಲ್ಲಗೆ ಕೇಳಿದಳು:

"ಹಾಂಗಾರೆ ಇನ್ನೊಂದ್ ಸಲ ಎಚ್ಚರಿಕೆ ಬಂದ್ರೂ ಕರೂದ್ ಬ್ಯಾಡ್ದಾ, ಟೀಚರ್?"