ಮೂವತ್ತೊಂದು ಶಾಲು, ಒಂದು ಬೇಸ್ ಗಿಟಾರು

೧೯೯೮ರ ಗಣಪತಿ ಹಬ್ಬದ ಐದನೆಯ ದಿನ ಸಂಜೆ ಹರಿಹರದ ಒಂದು ಪೆಂಡಾಲಿನಲ್ಲಿ ಮೂವತ್ತೊಂದು ಮಂದಿ ಗಣ್ಯರಿಗೆ ಶಾಲು ಹೊದಿಸಿ ಸನ್ಮಾನಿಸಲಾಯಿತು. ಇದು ಪತ್ರಿಕೆಯಲ್ಲಿ ಬಂದಿದೆ. ವರದಿ ಮಾಡಿದವನು ನಾನು. ಮೂವತ್ತೊಂದೂ ಹೆಸರು, ಇನಿಷಿಯಲ್ ಸಮೇತ, ಒಂದಕ್ಷರ ತಪ್ಪಿಲ್ಲದೆ ಅಚ್ಚಾದವು. ಆದರೂ ಆ ವರದಿಯಲ್ಲಿ ಒಂದು ಲೋಪವಿತ್ತು. ಅದನ್ನು ಹೇಳಲಿಕ್ಕೇ ಕೂತಿದ್ದೇನೆ. ನಿಮಗೆ ಪುರುಸೊತ್ತಿದ್ದರೆ ಕೇಳಿ.

ಹೋದ ತಿಂಗಳು ನನಗೂ ಒಂದು ಶಾಲು ಬಂತು. ನಾನು ‘ಹಿರಿಯ ಪತ್ರಕರ್ತ’ನಂತೆ. ಕೆಲಸ ಬಿಟ್ಟು ಮನೆಯಲ್ಲಿ ಕೂತರೆ ಎಲ್ಲರೂ ಹಿರಿಯರೇ. ಶಾಲು ಹೊದಿಸುವ ಹೊತ್ತಿಗೆ ಯಾರೋ ಮೊಬೈಲಿನಿಂದ ಸ್ಪೀಕರಿಗೆ ವಾದ್ಯಸಂಗೀತ ಹಾಕಿದರು. ನಾನು ಮೆಟ್ಟಿಲು ಹತ್ತಿ ವೇದಿಕೆಯ ನಡುವಿಗೆ ಬರುವಷ್ಟರಲ್ಲಿ ಅದು ಮುಗಿದು ಅಡುಗೆ ಎಣ್ಣೆಯ ಜಾಹೀರಾತು ಶುರುವಾಯಿತು. ಹಾಗೆ ನಾನು ಅಡುಗೆ ಎಣ್ಣೆಯ ಗುಣಗಾನದ ನಡುವೆ ಸನ್ಮಾನಿತನಾದೆ. ಶಾಲಿನಿಂದ ನುಸಿಗುಳಿಗೆಯ ವಾಸನೆ ಬಂತು. ನಿಮಗೆ ಗೊತ್ತಿರುವ ವಾಸನೆಯೇ: ಮಡಿಕೆ ಬಿಚ್ಚದೆ ಒಬ್ಬ ಗಣ್ಯರ ಬೀರುವಿನಿಂದ ಇನ್ನೊಬ್ಬ ಗಣ್ಯರ ಬೀರುವಿಗೆ ವರ್ಗವಾಗುತ್ತ ಬಂದ ಶಾಲಿನದು. ಆ ವಾಸನೆಗೆ ಕೊಟ್ರೇಶಣ್ಣ ನೆನಪಾದರು.

ಆಗ ನಾನು ದಾವಣಗೆರೆಯಲ್ಲಿ ಪತ್ರಿಕೆಯೊಂದರ ಕಿರಿಯ ವರದಿಗಾರ. ವಿದ್ಯಾನಗರದಲ್ಲಿ ಹಾಲಮ್ಮ ಎಂಬ ಹಿರಿಯ ಹೆಂಗಸಿನ ಮನೆಯ ಹಿಂದೆ ಎರಡು ಬಾಡಿಗೆ ಮನೆಗಳಿದ್ದವು. ಒಂದು ನನ್ನದು, ಇನ್ನೊಂದು ಕೊಟ್ರೇಶಣ್ಣನದು. ನನಗಿಂತ ಹತ್ತು ವರ್ಷ ದೊಡ್ಡವರು. ಹಗಲು ಗುತ್ತೂರಿನ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಸಂಜೆ, ಹಬ್ಬ ಮದುವೆಗಳ ಸೀಸನ್ನಿನಲ್ಲಿ, ಊರಿನ ಒಂದು ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್. ಬೇಸ್ ಎಂದರೆ ನಾಲ್ಕು ದಪ್ಪ ತಂತಿಯ, ಹಾಡಿನ ಅಡಿಯಲ್ಲಿ ಗುಂ ಗುಂ ಎನ್ನುತ್ತ ಸಾಗುವ ಗಿಟಾರು. ಇದ್ದಾಗ ಯಾರಿಗೂ ಕೇಳಿಸುವುದಿಲ್ಲ. ನಿಂತಾಗ ಮಾತ್ರ ಎಲ್ಲರಿಗೂ ಏನೋ ಸಪ್ಪೆಯಾಯಿತು ಅನ್ನಿಸುತ್ತದೆ. ಪತ್ರಿಕೆಯಲ್ಲಿ ಪ್ರೂಫ್ ತಿದ್ದುವವರ ಕೆಲಸಕ್ಕೆ ಹತ್ತಿರ. ಅವರು ಹನ್ನೊಂದು ವರ್ಷ ನುಡಿಸಿದ ಮೇಲೂ ಹಾಲಮ್ಮನವರು ಅವರ ಕಲೆಯನ್ನು ಬಣ್ಣಿಸುತ್ತಿದ್ದದ್ದು ಹೀಗೆ: “ಆರ್ಕೆಸ್ಟ್ರಾದಾಗ ಏನೋ ಹಿಡ್ಕಂಡು ನಿಂತಿರ್ತಾನ, ಪಾಪ.”

ಆ ವರ್ಷ ಮಳೆಗಾಲದ ಶುರುವಿಗೆ ನಮ್ಮ ಕಚೇರಿಗೆ ವಿಮರ್ಶೆಗೆಂದು ಒಂದು ಕ್ಯಾಸೆಟ್ ಬಂತು. ಹೊರದೇಶದ ತಂಡ, ಒಂಬತ್ತು ತುಣುಕು, ಹಿಂಬದಿಯಲ್ಲಿ ‘ಜಾಝ್ ಫಂಕ್’ ಎಂಬ ಎರಡು ಪದ. ಮುಖಪುಟದ ಮೇಲೆ ಮನುಷ್ಯರಿಲ್ಲ, ಒಂದು ಹಳೆಯ ಟೇಬಲ್ ಫ್ಯಾನಿನ ಚಿತ್ರ. ಸಿನಿಮಾ ಪುಟ ನೋಡುವವರು ಎರಡು ನಿಮಿಷ ಕೇಳಿ, “ಇದರಾಗ ಹಾಡೇ ಇಲ್ಲ, ನೀ ತಗಳಪ್ಪ” ಎಂದು ನನ್ನ ಮೇಜಿನ ಮೇಲಿಟ್ಟರು. ನಾನು ಶಿಸ್ತಿನ ವರದಿಗಾರ. ಎರಡೂ ಬದಿ ಕೇಳಿ ಹತ್ತು ಸಾಲು ಬರೆದೆ. ಮೊದಲ ಸಾಲು ಇನ್ನೂ ನೆನಪಿದೆ: ‘ಈ ಧ್ವನಿಸುರುಳಿಯಲ್ಲಿ ಗಾಯಕರು ಯಾರೂ ಭಾಗವಹಿಸಿರುವುದಿಲ್ಲ.’ ಗೈರುಹಾಜರಾದವರ ಹೆಸರು ಕೊಡುವುದು ಸಾಧ್ಯವಾಗಲಿಲ್ಲ.

ಒಂದು ಭಾನುವಾರ ಬೆಳಗ್ಗೆ ಮನೆಯಲ್ಲಿ ಅದನ್ನೇ ಹಾಕಿಕೊಂಡು ಕೂತಿದ್ದೆ. ಹಿತ್ತಲಲ್ಲಿ ಅಕ್ಕಿ ಕೇರುತ್ತಿದ್ದ ಹಾಲಮ್ಮ ತುಸು ಹೊತ್ತು ಸಹಿಸಿಕೊಂಡರು.

“ಏನಪ್ಪಾ, ಹಾಡು ಎಷ್ಟೊತ್ತಿಗೆ ಶುರುವಾಗ್ತೈತಿ?”

“ಇದರಾಗ ಹಾಡಿಲ್ಲ ಅಮ್ಮಾರೆ. ಬರೇ ಬಾರ್ಸೋದು.”

“ಹಾಡೋರ್ನ ತೆಗೆದು ಕೊಟ್ಟಾರಾ? ವಾಪಸ್ ಕೊಟ್ಟು ಬ್ಯಾರೆ ಇಸ್ಕಾ.”

“ಪುಕ್ಕಟೆ ಬಂದಿದ್ದು.”

“ಅದಕ್ಕಾ ಮತ್ತೆ!” ಎಂದು ಅವರು ಮೊರ ಎತ್ತಿಕೊಂಡು ಒಳಗೆ ಹೋದರು.

ಪೇಪರ್ ಓದಲು ಬಂದ ಕೊಟ್ರೇಶಣ್ಣ ಬಾಗಿಲಲ್ಲೇ ನಿಂತರು. ಪೇಪರಿಗೆ ಕೈ ಚಾಚಲಿಲ್ಲ. ಟೇಪ್‌ರೆಕಾರ್ಡರಿನ ಮುಂದೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಅದರಲ್ಲಿ ಡ್ರಮ್ಮು ಅಳತೆಯಿಟ್ಟ ಹಾಗೆ ನಡೆಯುತ್ತಿತ್ತು, ಕೀಬೋರ್ಡು ನಡುನಡುವೆ ಚಿಟಿಕೆ ಹೊಡೆಯುತ್ತಿತ್ತು, ಸ್ಯಾಕ್ಸೋಫೋನು ಮುಖ್ಯ ಅತಿಥಿಯಂತೆ ತಡವಾಗಿ ಬಂದು ಎರಡು ಮಾತಾಡಿ ಹೊರಟುಹೋಗುತ್ತಿತ್ತು. ಮೊದಲಿನಿಂದ ಕೊನೆಯವರೆಗೆ ಜಾಗ ಬಿಟ್ಟು ಕದಲದಿದ್ದದ್ದು ಬೇಸು. ಒಂದೇ ವರಸೆ, ಏಳೆಂಟು ಸ್ವರದ್ದು, ಸುತ್ತಿ ಸುತ್ತಿ ಬರುತ್ತಿತ್ತು. ಹತ್ತನೆಯ ಸುತ್ತಿಗೆ ನನಗೆ ಬೇಸರ ಬಂದಿತ್ತು. ಇಪ್ಪತ್ತನೆಯ ಸುತ್ತಿಗೆ ನನ್ನ ಕಾಲು ನನ್ನನ್ನು ಕೇಳದೆ ಕುಣಿಯತೊಡಗಿತ್ತು. ಇದನ್ನು ನಾನು ವಿಮರ್ಶೆಯಲ್ಲಿ ಬರೆದಿರಲಿಲ್ಲ. ಕಾಲಿನ ಹೇಳಿಕೆಯನ್ನು ಅಧಿಕೃತ ಮೂಲವೆಂದು ಒಪ್ಪುವ ಪದ್ಧತಿ ನಮ್ಮಲ್ಲಿಲ್ಲ.

ಒಂದು ಬದಿ ಮುಗಿಯಿತು. ಕೊಟ್ರೇಶಣ್ಣ ಹೇಳಿದ್ದಿಷ್ಟು: “ಇದರಾಗ ಬೇಸೇ ಹಾಡ್ತೈತಿ ರಿಪೋರ್ಟ್ರೇ. ಇನ್ನೊಂದ್ಸಲ ಹಾಕ್ರಿ.”

ಅವರಿಗೆ ಆಗ ಇದ್ದ ಚಿಂತೆಯನ್ನೂ ಹೇಳಬೇಕು. ಆರ್ಕೆಸ್ಟ್ರಾದ ಮಾಲೀಕ ಬಕ್ಕೇಶಪ್ಪನವರು ಹಗಲು ರೆಡಿಮೇಡ್ ಬಟ್ಟೆ ವ್ಯಾಪಾರಿ, ಸಂಜೆ ಗಾಯಕ ಮತ್ತು ನಿರೂಪಕ. ಅವರು ಒಂದು ಹೊಸ ಕೀಬೋರ್ಡಿಗೆ ಹೇಳಿಟ್ಟಿದ್ದರು. ಒಂದು ಗುಂಡಿ ಒತ್ತಿದರೆ ಬೇಸನ್ನು ಅದೇ ನುಡಿಸಿಕೊಳ್ಳುತ್ತದಂತೆ. ಟೀ ಕೇಳುವುದಿಲ್ಲ, ಬಸ್ಸು ತಪ್ಪಿತೆಂದು ತಡವಾಗಿ ಬರುವುದಿಲ್ಲ. “ಗಣಪ್ತಿ ಮುಗೀಲಿ ಕೊಟ್ರೇಶ, ಆಮ್ಯಾಲೆ ನೋಡಾನ” ಎಂದಿದ್ದರಂತೆ ಬಕ್ಕೇಶಪ್ಪ. ಬಟ್ಟೆ ಅಂಗಡಿಯಲ್ಲಿ ‘ಆಮೇಲೆ ನೋಡೋಣ’ ಎಂದು ಹೋದ ಗಿರಾಕಿ ತಿರುಗಿ ಬರುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಹನ್ನೊಂದು ವರ್ಷದ ಬೇಸಿಗೆ ಒಂದು ಗಣಪತಿ ಸೀಸನ್ ಬಾಕಿಯಿತ್ತು.

ಕೊಟ್ರೇಶಣ್ಣ ಕ್ಯಾಸೆಟ್ಟನ್ನೂ ನನ್ನ ಟೇಪ್‌ರೆಕಾರ್ಡರನ್ನೂ ಒಯ್ದರು. ಶಿಫ್ಟ್ ಮುಗಿಸಿ ಬಂದು ದಿನಾ ಸಂಜೆ ಕಲಿತರು. ನಮ್ಮ ಕಡೆ ಆಗ ಕರೆಂಟು ಸರಿಯಾಗಿ ಸಂಜೆಗೇ ಹೋಗುತ್ತಿತ್ತು. ಅವರು ಸೆಲ್ ಹಾಕಿ ಕೇಳುತ್ತಿದ್ದರು. ಒಂದು ತಿಂಗಳಾದ ಮೇಲೆ ನನ್ನನ್ನು ಕೂರಿಸಿ ನುಡಿಸಿ ತೋರಿಸಿದರು. ಚೆನ್ನಾಗಿತ್ತು. ಆದರೆ ನಾನು ಕೇಳಿದ್ದ ತುಣುಕಿಗಿಂತ ತೂಕವಾಗಿ, ನಿಧಾನವಾಗಿ, ಊಟ ಮಾಡಿ ಎದ್ದವರ ನಡಿಗೆಯಲ್ಲಿತ್ತು. ಆ ಹೊತ್ತಿಗೆ ಕರೆಂಟು ಬಂತು. ಕ್ಯಾಸೆಟ್ ಹಾಕಿದೆ. ಮೂಲ ತಂಡ ಬಸ್ಸು ಹಿಡಿಯಲು ಓಡುವವರ ಹಾಗೆ ಓಡಿತು.

ಆದದ್ದಿಷ್ಟೇ. ಹಳೆಯ ಸೆಲ್ಲಿನಲ್ಲಿ ಟೇಪು ತೆವಳುತ್ತಿತ್ತು. ಕೊಟ್ರೇಶಣ್ಣ ಒಂದು ತಿಂಗಳು ಆ ತೆವಳುವ ಸಂಗೀತವನ್ನು ಶ್ರದ್ಧೆಯಿಂದ ಕಲಿತಿದ್ದರು; ಸ್ವರ ಕೆಳಗಿಳಿದದ್ದಕ್ಕೆ ಸರಿಯಾಗಿ ತಂತಿಗಳನ್ನೂ ಸಡಿಲಿಸಿಕೊಂಡಿದ್ದರು. ನಾನು ಸಮಾಧಾನದ ಮಾತು ಹುಡುಕುತ್ತಿದ್ದೆ. ಅವರು ಪೂರ್ತಿ ಕೇಳಿ, ತಲೆಯಾಡಿಸಿ, ತೀರ್ಪು ಕೊಟ್ಟರು:

“ಅವರು ಅವಸರ ಮಾಡ್ಯಾರ.”

ಈ ನಿಧಾನದ ವರಸೆಗೆ ವೇದಿಕೆ ಸಿಕ್ಕಿದ್ದು ಸನ್ಮಾನದಿಂದ. ದಾವಣಗೆರೆ ಆಗಷ್ಟೇ ಜಿಲ್ಲೆಯಾಗಿತ್ತು. ಜಿಲ್ಲೆ ಹೊಸದಾದ್ದರಿಂದ ಗಣ್ಯರೂ ಹೊಸಬರು; ಎಲ್ಲರಿಗೂ ಒಂದೊಂದು ಸುತ್ತು ಶಾಲು ಹೊದಿಸುವ ಕೆಲಸ ಬಾಕಿಯಿತ್ತು. ಆರ್ಕೆಸ್ಟ್ರಾ ಶುರುವಾಗುವ ಮುನ್ನ ಸನ್ಮಾನ, ಸನ್ಮಾನದ ಹಿಂದೆ ವಾದ್ಯಸಂಗೀತ ಎಂಬುದು ಪದ್ಧತಿ. ಆ ವರ್ಷ ಮೊದಲ ಕಾರ್ಯಕ್ರಮಗಳಲ್ಲಿ ಕೀಬೋರ್ಡಿನವರು ಸಿನಿಮಾ ಹಾಡಿನ ಧಾಟಿ ನುಡಿಸಿದರು. ಜನ ಜೊತೆಗೆ ಹಾಡತೊಡಗಿದರು. ಶಾಲಿನ ಕಡೆ ಯಾರೂ ನೋಡಲಿಲ್ಲ. ಗಣ್ಯರು ಮುಖ ಗಂಟಿಕ್ಕಿಕೊಂಡರು. ಹರಿಹರದ ಸಂಘಟಕರು ಬಕ್ಕೇಶಪ್ಪನವರನ್ನು ಕರೆದು, “ಯಾರಿಗೂ ಹಾಡಾಕ ಬರಬಾರ್ದು, ಅಂಥಾದ್ದು ಏನರ ಐತೇನ್ರಿ?” ಎಂದು ಕೇಳಿದರು.

ಕೊಟ್ರೇಶಣ್ಣ ಹಿಂದಿನಿಂದ ಹೇಳಿದರು: “ನನ್ನತ್ರ ಐತಿ.”

“ಎಷ್ಟು ಹೊತ್ತು ಬರ್ತೈತಿ?”

“ನಿಲ್ಸು ಅನ್ನಾತನಕ.”

ಸಂಜೆ ಆರೂವರೆಗೆ ಶುರುವಾಯಿತು. ಪಟ್ಟಿಯಲ್ಲಿ ಹದಿನೇಳು ಹೆಸರಿದ್ದವು. ಕಾರ್ಯಕ್ರಮ ನಡೆಯುತ್ತಿದ್ದಂತೆ, ಪಟ್ಟಿಯಲ್ಲಿ ಇಲ್ಲದವರು ವೇದಿಕೆಯ ಪಕ್ಕ ಬಂದು ಸುಮ್ಮನೆ ನಿಂತುಕೊಳ್ಳುವ ಮೂಲಕ ಪಟ್ಟಿಗೆ ಸೇರಿದರು. ಕೊಟ್ರೇಶಣ್ಣ ವರಸೆ ಹಿಡಿದರು, ಡ್ರಮ್ಮು ಜೊತೆಗೂಡಿತು. ಮೂರನೆಯ ಗಣ್ಯರ ಹೊತ್ತಿಗೆ ನಾನು ಒಂದು ಸಂಗತಿ ಗಮನಿಸಿದೆ: ಅವರು ಮೆಟ್ಟಿಲು ಹತ್ತುತ್ತಿದ್ದದ್ದು ಬೇಸಿನ ಲೆಕ್ಕಕ್ಕೆ. ಬಕ್ಕೇಶಪ್ಪನವರು ಮೈಕಿನಲ್ಲಿ ಓದುವ ಹೆಸರು ಸುತ್ತಿನ ಕೊನೆಗೆ ಬಂದು ಕೂರುತ್ತಿತ್ತು. ಹಾರ, ಶಾಲು, ಹಣ್ಣಿನ ಬುಟ್ಟಿ, ಫೋಟೊ. ನಾಲ್ಕು ಸುತ್ತಿಗೆ ಒಬ್ಬರು. ಕೋಲೂರಿಕೊಂಡು ಬಂದ ಹಿರಿಯರೊಬ್ಬರಿಗೆ ಕೊಟ್ರೇಶಣ್ಣ ಅವರ ಪಾದ ನೋಡುತ್ತ ವರಸೆಯನ್ನೇ ತುಸು ತಡೆದು ಹಿಡಿದರು.

ನನ್ನ ಹಿಂದೆ ಒಬ್ಬ ಕೇಳಿದ: “ಹಾಡು ಯಾವಾಗ್ಲೇ?”

“ಸುಮ್ನಿರಲೇ. ಇದೇ ಚಲೋ ಐತಿ.”

ನಲವತ್ತು ನಿಮಿಷ ನಡೆಯಿತು. ಮೂವತ್ತೊಂದನೆಯವರು ಇಳಿದರು. ಬಕ್ಕೇಶಪ್ಪ ಸಾಕೆಂದು ಕೈ ಮಾಡಿದರು. ಕೊಟ್ರೇಶಣ್ಣ ನಿಲ್ಲಿಸಲಿಲ್ಲ. ವರಸೆ ಬಿಟ್ಟು ತಮ್ಮದೇ ಏನನ್ನೋ ನುಡಿಸತೊಡಗಿದರು. ಆಮೇಲೆ ಡ್ರಮ್ಮಿನವರು ನನಗೆ ಹೇಳಿದ್ದು: ತಾವು ಡ್ರಮ್ಮಿನ ಕಡ್ಡಿ ಕೆಳಗಿಟ್ಟು ಕೇಳಿದರಂತೆ, ಪೆಂಡಾಲು ಪೂರ್ತಿ ಸುಮ್ಮನಾಗಿತ್ತಂತೆ. ‘ಅಂತೆ’ ಎಂದು ಬರೆಯಬೇಕಾಗಿದೆ. ಏಕೆಂದರೆ ನಾನು ಆ ಹೊತ್ತಿನಲ್ಲಿ ವೇದಿಕೆಯ ಹಿಂದೆ ಗಣಪತಿ ಸಮಿತಿಯ ಕಾರ್ಯದರ್ಶಿಯ ಜೊತೆ ನಿಂತು, ಇಪ್ಪತ್ತಾರನೆಯ ಗಣ್ಯರ ಇನಿಷಿಯಲ್ ‘ಕೆ’ಯೋ ‘ಜಿ’ಯೋ ಎಂದು ಖಾತ್ರಿ ಮಾಡಿಕೊಳ್ಳುತ್ತಿದ್ದೆ. ‘ಜಿ’ ಆಗಿತ್ತು. ನುಡಿಸಿ ಮುಗಿಸಿದಾಗ ಚಪ್ಪಾಳೆ ಬರಲಿಲ್ಲ. ಇನ್ನೂ ಒಬ್ಬರಿಗೆ ಶಾಲು ಬಾಕಿಯಿದೆಯೆಂದು ಜನ ಕಾಯುತ್ತಿದ್ದರು.

ವರದಿಯ ಕೊನೆಯ ಸಾಲು: ‘ಬಳಿಕ ರಸಮಂಜರಿ ಕಾರ್ಯಕ್ರಮ ಜರುಗಿತು.’

ಮರುದಿನ ಗುತ್ತೂರಿನ ಬಸ್ಸಿಗೆ ಹೊರಟ ಕೊಟ್ರೇಶಣ್ಣ ನನ್ನ ಬಾಗಿಲಲ್ಲಿ ನಿಂತು ಪೇಪರ್ ಇಸಿದುಕೊಂಡರು. ಮೇಲಿನಿಂದ ಕೆಳಗಿನವರೆಗೆ ಓದಿದರು. ಮತ್ತೊಮ್ಮೆ ಓದಿದರು. ಮಡಿಚಿ ಕೊಟ್ಟರು.

“ಎಲ್ಲಾ ಹೆಸ್ರೂ ಕರೆಕ್ಟ್ ಬಂದಾವ್ರಿ” ಎಂದರು.

ಗಣಪತಿ ಮುಗಿಯಿತು, ಕೀಬೋರ್ಡು ಬಂತು. ಅದು ಹಾಡುಗಳಿಗೆ ಬೇಸನ್ನು ತಾನೇ ನುಡಿಸಿಕೊಂಡಿತು, ಯಾರೂ ದೂರಲಿಲ್ಲ. ಆದರೆ ಸನ್ಮಾನದಲ್ಲಿ ಅದು ಯಾರಿಗಾಗಿಯೂ ಕಾಯಲಿಲ್ಲ. ಗಣ್ಯರು ಹಿಂದೆ ಬಿದ್ದರು, ಎಡವಿದರು. ಸಂಘಟಕರು “ಆ ಸನ್ಮಾನದ ಮ್ಯೂಜಿಕ್ ಬೇಕ್ರಿ” ಎನ್ನತೊಡಗಿದರು. ಬಕ್ಕೇಶಪ್ಪ ನ್ಯಾಯವಂತರು. ಕೊಟ್ರೇಶಣ್ಣನನ್ನು ಮನೆಗೇ ಬಂದು ಕರೆದರು: ಸನ್ಮಾನಕ್ಕೆ ಮಾತ್ರ. ಆರೂವರೆಗೆ ಬರುವುದು, ಶಾಲು ಮುಗಿದೊಡನೆ ಇಳಿಯುವುದು. ಹಾಡಿನಲ್ಲಿ ಬೇಡ.

ನಾನು ಒಪ್ಪಬೇಡಿ ಎಂದೆ. ಬೇರೆಯವರ ಸ್ವಾಭಿಮಾನ ಕಾಪಾಡುವುದು ನನಗೆ ಸುಲಭ.

“ಹಂಗಾದ್ರೆ ಎಲ್ಲಿ ಬಾರ್ಸ್ಲಿ? ಹಾಲಮ್ಮಾರ ಹಿತ್ತಲದಾಗಾ?” ಎಂದರು ಕೊಟ್ರೇಶಣ್ಣ. ಒಪ್ಪಿಕೊಂಡರು. ಮೂರು ಸೀಸನ್ ಹೊಸ ಜಿಲ್ಲೆಯ ಗಣ್ಯರನ್ನು ಮೆಟ್ಟಿಲು ಹತ್ತಿಸಿದರು, ಇಳಿಸಿದರು. ಅಷ್ಟರಲ್ಲಿ ನನಗೆ ಬೇರೆ ಊರಿಗೆ ವರ್ಗವಾಯಿತು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಅವರನ್ನು ವಿಚಾರಿಸಲಿಲ್ಲ. ಇದಕ್ಕೆ ನನ್ನ ಬಳಿ ವಿವರಣೆ ಇಲ್ಲ.

ಶಾಲು ಬಂದ ಮರುದಿನ ಅವರಿವರನ್ನು ಕೇಳಿ ನಂಬರ್ ಹುಡುಕಿ ಫೋನ್ ಮಾಡಿದೆ. ಧ್ವನಿ ಇನ್ನೂ ನಿಧಾನವಾಗಿತ್ತು. ಕಾರ್ಖಾನೆಯಿಂದ ನಿವೃತ್ತರಾಗಿ ಗುತ್ತೂರಿನಲ್ಲೇ ಇದ್ದಾರೆ. “ಅಮಾಸಿಗೆ ಉಕ್ಕಡಗಾತ್ರಿಗೆ ಬರ್ರಿ, ನಮ್ಮ ಭಜನಿ ಇರ್ತೈತಿ. ಪೆನ್ನು ತರಬ್ಯಾಡ್ರಿ” ಎಂದರು.

ಹೋದೆ. ಪೆನ್ನು ಒಯ್ಯಲಿಲ್ಲ. ಗುಡಿಯ ಹೊರಗೆ, ನದಿಯ ಕಡೆ ಒಂದು ಮರದಡಿ ಭಜನಾ ತಂಡ ಕೂತಿತ್ತು: ಹಾರ್ಮೋನಿಯಂ, ತಬಲಾ, ನಾಲ್ಕು ಜೊತೆ ತಾಳ, ಒಂದು ಬೇಸ್ ಗಿಟಾರು. ಕೊಟ್ರೇಶಣ್ಣ ಎಲ್ಲರಿಗಿಂತ ಮುಂದೆ ಕೂತಿದ್ದರು. ಪ್ಲಗ್ಗಿನ ವೈರು ಗಿಡ್ಡವಿದ್ದುದರಿಂದ ಹಾಗೆ ಕೂರಿಸುತ್ತಾರೆಂದು ತಬಲಾದವರು ತಿಳಿಸಿದರು. ಕೊನೆಯ ಭಜನೆ ಮುಗಿದು ಉಳಿದವರು ತಾಳ ಕೆಳಗಿಟ್ಟ ಮೇಲೆ ಅವರು ಒಬ್ಬರೇ, ಸನ್ಮಾನದ ವರಸೆಯಲ್ಲ, ತಮ್ಮದೇ ಏನನ್ನೋ ಶುರು ಮಾಡಿದರು. ಆಗ ರಾತ್ರಿ ಹನ್ನೊಂದು ಗಂಟೆ ನಲವತ್ತು ನಿಮಿಷ. ನಾನು ತೀರ ಹತ್ತಿರ ಕೂತಿದ್ದೆ. ಯಾರೂ ಎದ್ದು ಹೋಗಲಿಲ್ಲ. ಪ್ರಸಾದ ಇನ್ನೂ ಹಂಚಿರಲಿಲ್ಲ. ಹನ್ನೊಂದು ಐವತ್ತೆರಡಕ್ಕೆ ನಿಲ್ಲಿಸಿದರು.