ಮಂಗಳವಾರದ ಸಕ್ಕರೆ

ಅಬ್ಬಿಗೆರೆಯ ನಾಗಲಕ್ಷ್ಮಿ ಯಾರನ್ನೂ ಸುಮ್ಮನೆ ನಂಬಿದವಳಲ್ಲ. ಹಾಲಿನವನ ಎದುರಿಗೇ ಹಾಲು ಮೂಸಿ ನೋಡುವಳು. ಆಟೋದವನು ಬೇರೆ ದಾರಿ ಹಿಡಿದರೆ ಪೊಲೀಸ್ ಠಾಣೆಯ ಹೆಸರು ಎತ್ತುವಳು. ಮದುವೆಯಾದ ಹೊಸದರಲ್ಲಿ ಗಂಡ ಸುರೇಶ್ ತಂದ ಮಲ್ಲಿಗೆಯನ್ನೂ "ಇವತ್ತೇನ್ ತಪ್ ಮಾಡಿದ್ರಿ?" ಎಂದು ಕೇಳಿಯೇ ಮುಡಿದವಳು. ಹುಟ್ಟುಗುಣ ಸುಟ್ಟರೂ ಹೋಗದು. ಇಂಥವಳು ಕಣ್ಣು ಮುಚ್ಚಿ ನಂಬುತ್ತಿದ್ದದ್ದು ಒಂದನ್ನೇ, ಕಂಪ್ಯೂಟರಿನಲ್ಲಿ ತಾನು ಮಾಡಿದ ಕೆಲಸವನ್ನು.

ಅವಳಿದ್ದದ್ದು ಸಂಜಯನಗರದ ಒಂದು ಸಣ್ಣ ಕಂಪನಿಯಲ್ಲಿ. ಸಕ್ಕರೆ ಕಾಯಿಲೆಯವರು ಮನೆಯಲ್ಲೇ ಬೆರಳು ಚುಚ್ಚಿ ಮೀಟರಿನಲ್ಲಿ ನೋಡಿಕೊಂಡರೆ ಆ ಅಂಕಿ ಫೋನಿನ ಮೂಲಕ ಕಂಪನಿಗೆ ಬರುತ್ತಿತ್ತು. ದಿನಕ್ಕೆ ಮೂರು ಅಂಕಿ: ಹಸಿದ ಹೊಟ್ಟೆಯದು, ತಿಂಡಿಯಾದ ಮೇಲಿನದು, ರಾತ್ರಿಯದು. ಸ್ಪಾರ್ಕ್ ಎಂಬ ತಂತ್ರಾಂಶದಲ್ಲಿ ಆ ಮೂರೂ ಒಂದೇ ಕಾಲಮ್ಮಿನಲ್ಲಿ ಪಟ್ಟಿಯಾಗಿ ಕೂತಿರುತ್ತಿದ್ದವು. ಡಾಕ್ಟರಿಗೆ ಕಳಿಸುವ ಸಿಎಸ್‌ವಿ ಫೈಲಿಗೆ ಪಟ್ಟಿ ಹಿಡಿಸುವುದಿಲ್ಲ, ಅದಕ್ಕೆ ಬರೀ ಅಕ್ಷರವೇ ಬೇಕು. ಹಾಗಾಗಿ ನಾಗಲಕ್ಷ್ಮಿ ಒಂದು ಸಾಲು ಕೋಡ್ ಬರೆದು, ಅಂಕಿಗಳ ನಡುವೆ ಅಲ್ಪವಿರಾಮ ಇಟ್ಟು, ಹೂ ಕಟ್ಟಿದಂತೆ ಕಟ್ಟಿ ಕಳಿಸುತ್ತಿದ್ದಳು. ಡಾಕ್ಟರ ಪರದೆಯಲ್ಲಿ ಮೊದಲ ಅಂಕಿ ಹಸಿದ ಹೊಟ್ಟೆಯ ಚೌಕಕ್ಕೆ, ಎರಡನೆಯದು ತಿಂಡಿಯ ಚೌಕಕ್ಕೆ, ಮೂರನೆಯದು ರಾತ್ರಿಯ ಚೌಕಕ್ಕೆ ಹೋಗುತ್ತಿತ್ತು.

2018ರಲ್ಲಿ ಮಾವ ಮುನಿರಾಮಯ್ಯನವರಿಗೂ ಒಂದು ಮೀಟರ್ ಕೊಡಿಸಿದಳು. ಅಲ್ಲಿಂದ ಶುರುವಾಯಿತು ರಗಳೆ. ಉಳಿದ ದಿನವೆಲ್ಲ ಸರಿ, ಮಂಗಳವಾರ ಮಾತ್ರ ಹಸಿದ ಹೊಟ್ಟೆಯಲ್ಲೇ ಸಕ್ಕರೆ ಇನ್ನೂರು ದಾಟಿರುತ್ತಿತ್ತು. ಸೋಮವಾರ ಸಂಜೆ ಮಾವ ಮುನೇಶ್ವರನ ಗುಡಿಗೆ ಹೋಗುತ್ತಾರೆ. ಇನ್ನೇನು ಬೇಕು? ಗುಡಿಯಲ್ಲಿ ಸಿಹಿ ಪೊಂಗಲ್ ಬಾರಿಸುತ್ತಿದ್ದಾರೆ ಎಂದು ತೀರ್ಮಾನಿಸಿದಳು. ಒಂದು ಸೋಮವಾರ ಸ್ಕೂಟರಿನಲ್ಲಿ ಹಿಂದೆಯೇ ಹೋಗಿ ಕಂಬದ ಮರೆಯಲ್ಲಿ ನಿಂತಳು. ಮಾವ ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ಪಕ್ಕದವರಿಗೆ ಕೊಟ್ಟುಬಿಟ್ಟರು. ಮರುದಿನ ಅಂಕಿ ಮತ್ತೆ ಇನ್ನೂರರ ಮೇಲೆ. ಹಾಗಾದರೆ ಮನೆಯಲ್ಲೇ ಕದಿಯುತ್ತಾರೆ!

"ಮಾವ, ನಿಜ ಹೇಳಿ. ನಿನ್ನೆ ರಾತ್ರಿ ಏನ್ ತಿಂದ್ರಿ?"

"ಮುದ್ದೆ ಕಣಮ್ಮ. ನೀನೇ ಇಕ್ಕಿದ್ದು."

"ಕದ್ದು ತಿಂದಿದ್ದು ಕೇಳ್ತಿದೀನಿ. ಕಂಪ್ಯೂಟರ್ ಸುಳ್ಳು ಹೇಳುತ್ತಾ?"

ಮೊಮ್ಮಗಳು ಹರ್ಷಿತಾ ಅಲ್ಲೇ ಕೂತಿದ್ದಳು. ಮುನಿರಾಮಯ್ಯ ಅವಳ ಮುಖ ನೋಡಿ ತಲೆ ತಗ್ಗಿಸಿದರು. ಎಪ್ಪತ್ತು ದಾಟಿದ ಮನುಷ್ಯ, ಸ್ವಂತ ಮನೆಯಲ್ಲಿ ಕಳ್ಳನಾಗಿ ನಿಂತಿದ್ದರು. ಅಂದಿನಿಂದ ಸಕ್ಕರೆ, ಬೆಲ್ಲ ಎಲ್ಲ ಕಪಾಟಿನೊಳಗೆ, ಬೀಗದ ಕೈ ನಾಗಲಕ್ಷ್ಮಿಯ ಬ್ಯಾಗಿನೊಳಗೆ. ಅತ್ತೆಯ ಕಾಫಿಗೂ ಅವಳೇ ಅಳೆದು ಕೊಟ್ಟು ಹೋಗುವಳು. ಡಾಕ್ಟರೂ ಅಂಕಿ ನೋಡಿ ರಾತ್ರಿಗೆ ಒಂದು ಮಾತ್ರೆ ಹೆಚ್ಚಿಸಿದರು.

ಮಾತ್ರೆ ಶುರುವಾದ ಮುಂದಿನ ವಾರವೇ ಮುನಿರಾಮಯ್ಯ ಬೆಳಿಗ್ಗೆ ಬೆವೆತು, ನಡುಗಿ, ನಡುಮನೆಯಲ್ಲಿ ಕುಸಿದು ಕೂತರು. ಸಕ್ಕರೆ ಇಳಿದಿದೆಯೆಂದು ಹೆಂಡತಿ ದ್ರೌಪದಮ್ಮನಿಗೆ ಗೊತ್ತಾಯಿತು. ಅಡಿಗೆಮನೆಗೆ ಓಡಿದರೆ ಕಪಾಟಿಗೆ ಬೀಗ, ಕೀ ಸಂಜಯನಗರದಲ್ಲಿ. ರುಬ್ಬುವ ಗುಂಡು ಎತ್ತಿ ಬೀಗ ಕುಟ್ಟಿ ಮುರಿದು, ಬೆಲ್ಲ ಕದಡಿದ ನೀರನ್ನು ಗಂಡನಿಗೆ ಗುಟುಕು ಗುಟುಕಾಗಿ ಕುಡಿಸಿದರು.

ಫೋನ್ ಬಂದು ನಾಗಲಕ್ಷ್ಮಿ ಓಡೋಡಿ ಮನೆಗೆ ಬಂದಾಗ ಮಾವ ಮಂಚದ ಮೇಲೆ ಎದ್ದು ಕೂತಿದ್ದರು.

"ಇವ್ರು ಸತ್ತೋಗಿದ್ರೆ ಆಗ ತೆಗೀತಿದ್ದೇನಮ್ಮ ಬೀಗಾನ?" ಎಂದರು ದ್ರೌಪದಮ್ಮ.

ನಾಗಲಕ್ಷ್ಮಿ ಮಂಚದ ಅಂಚಿನಲ್ಲಿ ಕೂತು ಮಾವನ ಕೈ ಹಿಡಿದಳು. ಆದರೂ ಅನುಮಾನ ಬಿಡಬೇಕಲ್ಲ. "ಮತ್ತೆ ಮಂಗಳವಾರ ಎದ್ ಕೂಡ್ಲೆ ಅಷ್ಟೊಂದು ಹೆಂಗ್ ಬರುತ್ತೆ ಮಾವ?"

"ಮಂಗಳವಾರ ಎದ್ದೇಟ್ಗೆ ನಾನೆಲ್ಲಮ್ಮ ಚುಚ್ಕಂತೀನಿ?" ಮುನಿರಾಮಯ್ಯ ಆಶ್ಚರ್ಯಪಟ್ಟರು. "ನಮ್ ಮನೇಲಿ ಮಂಗಳವಾರ ಚೌರ ಇಲ್ಲ, ಉಗುರು ತೆಗ್ಯಂಗಿಲ್ಲ. ಪೂಜೆ ಆಗೋಗಂಟ ಮೈಯಿಂದ ರಕ್ತ ಬೀಳಂಗಿಲ್ಲ. ಪೂಜೆ ಆಗಿ, ತಿಂಡಿ ತಿಂದ್ಮೇಲೆ ಒಂದ್ಸಾರಿ, ರಾತ್ರಿ ಒಂದ್ಸಾರಿ. ನೀನು ಏಳಕ್ಕೇ ಆಪೀಸಿಗೋಗ್ತೀಯ, ನಿಂಗೆಂಗ್ ಗೊತ್ತಾಗ್ಬೇಕು?"

ಮಂಗಳವಾರ ಅಂಕಿ ಬರುತ್ತಿದ್ದದ್ದೇ ಎರಡು! ಡಾಕ್ಟರ ಪರದೆಯಲ್ಲಿ ಖಾಲಿ ಇರುತ್ತಿದ್ದದ್ದು ರಾತ್ರಿಯ ಚೌಕ. ಅದನ್ನು ಮಾವನ ಸೋಮಾರಿತನ ಎಂದುಕೊಂಡಿದ್ದಳು. ನಾಗಲಕ್ಷ್ಮಿ ಲ್ಯಾಪ್‌ಟಾಪ್ ತೆರೆದಳು. ಮೂಲ ಪಟ್ಟಿಯಲ್ಲಿ ಪ್ರತಿ ಮಂಗಳವಾರವೂ ಮೊದಲ ಜಾಗವೇ ಖಾಲಿ. ಪಟ್ಟಿಯನ್ನು ಅಕ್ಷರ ಮಾಡುವಾಗ ಅವಳ ಸಾಲು ಆ ಖಾಲಿ ಜಾಗವನ್ನು ಸದ್ದಿಲ್ಲದೆ ನುಂಗಿ, ಉಳಿದೆರಡನ್ನು ಮುಂದಕ್ಕೆ ಎಳೆದಿತ್ತು. ಇಡ್ಲಿ ತಿಂದ ಮೇಲಿನ ಸಕ್ಕರೆ ಹಸಿದ ಹೊಟ್ಟೆಯ ಚೌಕದಲ್ಲಿ ಕೂತಿತ್ತು. ಊರವರನ್ನೆಲ್ಲ ಅನುಮಾನಿಸಿದವಳು ಆ ಒಂದು ಸಾಲನ್ನು ತಿರುಗಿ ನೋಡಿರಲಿಲ್ಲ. ನಾಚಿಕೆಯಿಂದ ಅವಳಿಗೆ ಅಳುವೇ ಬಂತು.

ಡಾಕ್ಟರಿಗೆ ಫೋನ್ ಮಾಡಿದಳು, ಹೆಚ್ಚಿನ ಮಾತ್ರೆ ನಿಂತಿತು. ಖಾಲಿ ಜಾಗಕ್ಕೆ ಮೊದಲು 'ಇಲ್ಲ' ಎಂದು ತುಂಬಿ ಆಮೇಲೆ ಕಟ್ಟುವಂತೆ ಸಾಲನ್ನು ತಿದ್ದಿದಳು. ಇನ್ನೆಷ್ಟು ಮನೆಗಳಲ್ಲಿ ಹೀಗಾಗಿದೆಯೋ ಎಂದು ಹೆದರಿ ಆಫೀಸಿಗೂ ತಿಳಿಸಿದಳು. ನಂತರ ಬೆಲ್ಲದ ಡಬ್ಬಿ ತಂದು ಮಾವನ ಪಕ್ಕದಲ್ಲಿಟ್ಟು ಮಗಳನ್ನು ಕರೆದಳು.

"ಹರ್ಷಿತಾ, ತಾತ ಏನೂ ಕದ್ದಿಲ್ಲ ಕಣೇ. ತಪ್ಪು ಅಮ್ಮಂದು."

ಮುನಿರಾಮಯ್ಯ ಮೊಮ್ಮಗಳ ತಲೆ ಸವರಿದರು. ಡಬ್ಬಿಯನ್ನು ಮೆಲ್ಲಗೆ ಸೊಸೆಯ ಕಡೆಗೇ ತಳ್ಳಿದರು.

"ನಿನ್ ತಾವೇ ಇರ್ಲಿ ಬುಡಮ್ಮ. ಬೀಗ ಮಾತ್ರ ಬ್ಯಾಡ."