ನಿಂತರೆ ಹಾರುವ ಎದೆ

ಶಾಲೆಯ ಬೆಳಗಿನ ಪ್ರಾರ್ಥನೆಗೆ ನಿಂತಿದ್ದೆ. ಮುಂದಿನ ನೆನಪು ಅಂಗಳದ ಮಣ್ಣಿನ ವಾಸನೆ. ಕಣ್ಣು ಬಿಟ್ಟಾಗ ಒಂದು ಮುಖ ಬಗ್ಗಿ ಕೇಳುತ್ತಿತ್ತು:

"ಎದೆ ಒಡ್ಕತದಾ ಮೇಡಮ್ಮ?"

ಎದೆ ಒಡೆದುಕೊಳ್ಳುವುದೆ? ನಮ್ಮ ಕಡೆ ಒಡೆಯುವುದು ಗಡಿಗೆ, ಇಲ್ಲವೆ ಅಣ್ಣತಮ್ಮಂದಿರ ಮನೆ. ಬಿದ್ದವಳನ್ನು ಇಂಥ ಪ್ರಶ್ನೆ ಕೇಳುವ ಊರು ಎಂಥದಪ್ಪಾ ಎಂದುಕೊಂಡು, "ಇಲ್ರೀ, ಯಾರೂ ಒಡದಿಲ್ಲ" ಅಂದೆ.

"ಅಯ್ಯೋ ಪಾಪ, ತಲೆಗೆ ಏಟು ಬಿದ್ದದೆ" ಎಂದಳು ಆಕೆ, ಸುತ್ತ ನಿಂತವರಿಗೆ.

ಆಕೆ ಜಯಮ್ಮ. ಶಾಲೆಯಲ್ಲಿ ಬಿಸಿಯೂಟ ಮಾಡುವವಳು, ನಾನು ಬಾಡಿಗೆಗಿರುವ ಮನೆಯ ಒಡತಿಯೂ ಹೌದು. ಇಲ್ಲಿಯವರ ಬಾಯಲ್ಲಿ 'ಹ' ನಿಲ್ಲುವುದಿಲ್ಲ. ಎದೆ ಹೊಡೆದುಕೊಳ್ಳುತ್ತಿದೆಯಾ ಎಂದು ಆಕೆ ಕೇಳಿದ್ದು ನನಗೆ ಅರ್ಥವಾಗಲು ಎರಡು ದಿನ ಬೇಕಾಯಿತು.

ಬಿಜಾಪುರ ಜಿಲ್ಲೆಯ ಬಾಗೇವಾಡಿ ಕಡೆಯ ನನ್ನ ಜನರೇ, ನಾನು ಪರದೇಶಕ್ಕೇನೂ ಬಂದಿಲ್ಲ. ಗಣಿತದ ಮೇಡಂ ಆಗಿ ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಗೆ ಬಂದಿದ್ದೇನೆ. ರಾಜ್ಯವೂ ಒಂದೇ, ಕನ್ನಡವೂ ಒಂದೇ ಅಂತ ಹೇಳಿ ಕಳಿಸಿದಿರಿ. ಇಲ್ಲಿ ಗೆಳೆಯರು ಪ್ರೀತಿಯಿಂದ "ಯಾಕ್ಲಾ, ಎಲ್ಲೋಗಿದ್ಲಾ" ಎಂದು ಕೂಗಿಕೊಂಡರೆ ನಾನು ಜಗಳವೆಂದು ದೂರ ಸರಿಯುತ್ತಿದ್ದೆ. ನಾನು ಮಾತಿಗೊಂದು 'ರೀ' ಹಚ್ಚಿದರೆ ಮಕ್ಕಳು ಬಾಯಿಗೆ ಕೈ ಅಡ್ಡ ಇಟ್ಟು ನಗುತ್ತಿದ್ದರು. ನಮ್ಮ ಖಡಕ್ ಜೋಳದ ರೊಟ್ಟಿಯನ್ನು ಹಲ್ಲು ಮುರಿಯುತ್ತದೆಂದು ಜಯಮ್ಮ ಮುಟ್ಟಲಿಲ್ಲ. ಆಕೆಯ ಮುದ್ದೆಯನ್ನು ನಾನು ಅಗಿದು ತಿಂದದ್ದು ಇಡೀ ಬೀದಿಗೆ ಸುದ್ದಿಯಾಯಿತು. ಮುದ್ದೆ ನುಂಗಬೇಕಂತೆ. ಅದಕ್ಕೊಂದು ಗಂಟಲು ಬೇಕು, ನನಗೆ ಬರಲು ಮೂರು ತಿಂಗಳು ಹಿಡಿಯಿತು.

ಅಷ್ಟರಲ್ಲಿ ಆಷಾಢದ ಗಾಳಿಯಲ್ಲಿ ಒಂದು ಜ್ವರ ಬಂತು. ಜ್ವರ ಹೋಯಿತು, ಬಲ ಬರಲಿಲ್ಲ. ಮಲಗಿದ್ದರೆ ಏನೂ ಇಲ್ಲ. ಎದ್ದು ನಿಂತರೆ ಸಾಕು, ಎದೆ ಓಡುತ್ತಿತ್ತು, ಕಣ್ಣಿಗೆ ಕತ್ತಲೆ ಕವಿಯುತ್ತಿತ್ತು. ಕರಿಹಲಗೆಯ ಮುಂದೆ ಒಂದು ಲೆಕ್ಕ ಬಿಡಿಸುವಷ್ಟರಲ್ಲಿ ಗೋಡೆ ಹಿಡಿಯುತ್ತಿದ್ದೆ. ಪ್ರಾರ್ಥನೆಯಲ್ಲಿ ಬಿದ್ದದ್ದೂ ಆಗಲೇ.

ಪೇಟೆಯಲ್ಲಿ ಒಬ್ಬ ಡಾಕ್ಟರಿಗೆ ತೋರಿಸಿದೆ. "ನಿಂತ್ರ ಎದಿ ಹಾರತೈತ್ರಿ" ಅಂದೆ. ಅವರು ನನ್ನನ್ನು ಕುರ್ಚಿಯಲ್ಲಿ ಕೂರಿಸಿ ನಾಡಿ ಹಿಡಿದರು. ಎಂಬತ್ತು. "ಎಲ್ಲಾ ಸರಿ ಇದೆ. ಹೊಸ ಊರು, ಒಬ್ಬರೇ ಇದ್ದೀರಿ. ಭಯ ಪಡಬೇಡಿ" ಎಂದು ನಿದ್ದೆಗೆ ಮಾತ್ರೆ ಬರೆದರು. ನಾನು ಹೇಳಿದ್ದು ನಾಡಿಯ ಓಟ, ಅವರು ಕೇಳಿಸಿಕೊಂಡದ್ದು ಹೆದರಿಕೆ. ನನಗೆ ಮೈಯೆಲ್ಲ ಉರಿಯಿತು. ಒಂದು ಟ್ರಂಕು ಹೊತ್ತು ಗುರುತಿಲ್ಲದ ಊರಿಗೆ ಒಬ್ಬಳೇ ಬಂದಿಳಿದವಳಿಗೆ ಭಯವೆ?

ಊರಿನಿಂದ ಸಂಗಣ್ಣನ ಫೋನು. ನನ್ನ ಹಿರಿಯಣ್ಣ. "ಆ ನೀರು ನಿನಗ ಹತ್ತಿಲ್ಲ. ಮುದ್ದಿ ತಿಂದು ಹಿಂಗಾಗೈತಿ. ರಾಜೀನಾಮಿ ಕೊಟ್ಟು ಬಾ" ಅಂದ. ಇಲ್ಲಿ ನಮ್ಮ ಹೆಡ್‌ಮಾಸ್ಟರು, "ಈ ನೀರು ನಿಮ್ಗೆ ಒಗ್ನಿಲ್ಲ ಮೇಡಂ. ರಜಾ ಆಕ್ಬುಟ್ಟು ಊರ್ಗೋಗ್ಬುಡಿ" ಅಂದರು. ನೀರಿನ ವಿಷಯದಲ್ಲಿ ಎರಡು ಸೀಮೆಯವರೂ ಇಷ್ಟು ಒಮ್ಮತಕ್ಕೆ ಬಂದದ್ದನ್ನು ನಾನು ನೋಡಿರಲಿಲ್ಲ. ಆದರೆ ನನ್ನ ಪ್ರೊಬೇಷನ್ ಮುಗಿದಿರಲಿಲ್ಲ. ಈಗ ಹೋದರೆ ನೌಕರಿ ಹೋದ ಹಾಗೆಯೇ. ಮೂರು ಸಲ ಪರೀಕ್ಷೆ ಬರೆದು ಗಳಿಸಿದ ನೌಕರಿ ಅದು.

ಹೃದಯದ ಡಾಕ್ಟರಿಗೆ ತೋರಿಸೋಣವೆಂದು ಮೈಸೂರಿಗೆ ಹೊರಟ ದಿನ ಜಯಮ್ಮ ಜೊತೆಗೆ ಬಂದಳು. ಬಸ್ಸಿನಲ್ಲಿ ಪಾಠ ಹೇಳಿಕೊಟ್ಟಳು: "ಎದೆ ಆರ್ತದೆ ಅನ್ಬ್ಯಾಡ ಕಣವ್ವ. ಆರೋದು ಎದ್ರುಕೊಂಡೋರ್ಗೆ. ನಿಂತ್ರೆ ಒಡ್ಕತದೆ, ಮನಿಕಂಡ್ರೆ ಸರೋಯ್ತದೆ ಅನ್ನು. ಅಷ್ಟೇ ಅನ್ನು."

ಅಷ್ಟೇ ಅಂದೆ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು, "ನಿಂತರೆ ಮಾತ್ರವಾ?" ಎಂದು ಕೇಳಿದರು. ಹತ್ತು ನಿಮಿಷ ಮಲಗಿಸಿದರು. ನಾಡಿ ಎಪ್ಪತ್ತೆರಡು. ನಿಲ್ಲಿಸಿದರು. ಹತ್ತು ನಿಮಿಷ ಕಳೆಯುವಷ್ಟರಲ್ಲಿ ನೂರಾ ಇಪ್ಪತ್ತೆಂಟು. ಇಸಿಜಿ, ಎಕೋ, ರಕ್ತ ಎಲ್ಲ ನೋಡಿದ ಮೇಲೆ ಹೆಸರು ಹೇಳಿದರು: ಪಾಟ್ಸ್. ನಾವು ಹೇಳದೆಯೇ ಎದೆಬಡಿತವನ್ನೂ ರಕ್ತದೊತ್ತಡವನ್ನೂ ನಡೆಸುವ ನರಗಳ ವ್ಯವಸ್ಥೆಯೊಂದು ಮೈಯಲ್ಲಿದೆಯಂತೆ. ನನ್ನಲ್ಲಿ ಅದು ತಾಳ ತಪ್ಪಿದೆ. ನಿಂತಾಗ ರಕ್ತ ಕಾಲಿಗಿಳಿದು ಅಲ್ಲೇ ಉಳಿಯುತ್ತದೆ, ಅದನ್ನು ಮೇಲೆತ್ತಲು ಎದೆ ಓಡುತ್ತದೆ. ಕೆಲವರಿಗೆ ಜ್ವರದ ನಂತರ ಹೀಗಾಗುತ್ತದೆ ಎಂದರು. "ಇದು ಭಯ ಅಲ್ಲ" ಎಂದೂ ಅಂದರು. ನಾನು ಅಲ್ಲೇ ಅತ್ತೆ. ಕಾಯಿಲೆ ಬಂದದ್ದಕ್ಕಲ್ಲ, ನನ್ನ ಮಾತನ್ನು ಕಡೆಗೊಬ್ಬರು ನಂಬಿದರಲ್ಲ ಎಂದು.

ನೀರು ಹೆಚ್ಚು, ಉಪ್ಪು ಹೆಚ್ಚು, ಕಾಲಿಗೆ ಬಿಗಿಯಾದ ಕಾಲುಚೀಲ, ನಿಧಾನವಾಗಿ ಏಳುವುದು. "ಊರ್ಗೆಲ್ಲ ಉಪ್ಪು ಬುಡಿ ಅಂತಾರೆ, ನಿಂಗೊಬ್ಳಿಗೆ ತಿನ್ನು ಅಂತಾರಾ?" ಎಂದು ಜಯಮ್ಮ ಡಾಕ್ಟರನ್ನೇ ಅನುಮಾನಿಸಿದಳು. ಕಾಳು ಬಸಿದ ನೀರಿನ ಬಸ್ಸಾರಿಗೆ ನನ್ನ ತಟ್ಟೆಯಲ್ಲಿ ಮಾತ್ರ ಇನ್ನೊಂದು ಚಿಟಿಕೆ ಬೀಳತೊಡಗಿತು. ಬಿ.ಪಿ. ಇರುವ ನನ್ನ ಕಾಕಾಗಳು ಇದನ್ನು ಓದಿ ಉಪ್ಪಿನಕಾಯಿ ಭರಣಿಗೆ ಕೈ ಹಾಕಬಾರದು. ಉಪ್ಪು ನನಗೆ ಬರೆದುಕೊಟ್ಟ ಔಷಧ, ನಿಮಗಲ್ಲ.

ಮೈಸೂರಿನಿಂದ ಬಂದ ಮರುದಿನ ವಿಜ್ಞಾನದ ಕೋಣೆಯ ಎತ್ತರದ ಸ್ಟೂಲನ್ನು ನನ್ನ ತರಗತಿಗೆ ಹಾಕಿಸಿಕೊಂಡೆ. ಹೆಡ್‌ಮಾಸ್ಟರು ಬಾಗಿಲಲ್ಲಿ ನಿಂತರು.

"ಮೇಡಂ, ನಾನು ಮೂವತ್ತು ವರ್ಸದಿಂದ ನಿಂತ್ಕಂಡೇ ಪಾಠ ಮಾಡಿವ್ನಿ. ಕುಂತ್ಕಂಡ್ ಮಾಡುದ್ರೆ ಊರೋರು ಬುಟ್ಟಾರಾ?"

ನಾನು ಸ್ಟೂಲಿನ ಮೇಲೆ ಕುಂತೇ ಮುಂಗೈ ಚಾಚಿದೆ. "ಹಿಡೀರಿ ಸರ್. ಎಣಸ್ರಿ."

ಇಡೀ ಒಂಬತ್ತನೇ ತರಗತಿ ಉಸಿರು ಬಿಗಿಹಿಡಿದು ನೋಡುತ್ತಿತ್ತು. ಅವರು ಗಡಿಯಾರ ನೋಡಿ ಎಣಿಸಿದರು. ಎಪ್ಪತ್ತೆಂಟು. ನಾನು ಎದ್ದು ನಿಂತೆ. ಅವರು ಕೈ ಬಿಡಲಿಲ್ಲ. ಐದನೆಯ ನಿಮಿಷಕ್ಕೆ ಅವರ ತುಟಿ ಬೇಗಬೇಗ ಆಡಿತು, ಲೆಕ್ಕ ತಪ್ಪಿತು, ಮತ್ತೆ ಮೊದಲಿಂದ ಎಣಿಸಿದರು. ನೂರಿಪ್ಪತ್ತು ದಾಟಿದಾಗ ಅವರ ಮುಖವೇ ಬೆವೆತಿತ್ತು.

"ಕುಂತ್ಕಳಿ ಮೇಡಂ. ಅಯ್ಯೋ, ಕುಂತ್ಕಳಿ ಮೊದ್ಲು!"

ಅಂದಿನಿಂದ ಪ್ರಾರ್ಥನೆಯಲ್ಲೂ ನನಗೊಂದು ಕುರ್ಚಿ. ಆಡಿಕೊಳ್ಳುವವರು ಇದ್ದಾರೆ. ಆಡಿಕೊಳ್ಳಲಿ, ನಾನು ಕುಂತು ಕೇಳುತ್ತೇನೆ.

ದಸರೆಯ ರಜೆಗೆ ಊರಿಗೆ ಹೋದೆ. ಸಂಗಣ್ಣ ರಾಜೀನಾಮೆಯನ್ನು ಟೈಪು ಮಾಡಿಸಿಯೇ ಇಟ್ಟಿದ್ದ, ನನ್ನ ಸಹಿಯೊಂದೇ ಬಾಕಿ.

"ಬ್ಯಾನಿ ನನ್ನ ಮೈಯಾಗ ಐತಿ, ಅಣ್ಣಾ, ಆ ಊರಾಗಲ್ಲ. ಇಲ್ಲಿಗೆ ಬಂದ್ರ ಅದೂ ನನ್ನ ಕೂಡ ಬರತೈತಿ" ಎಂದು ಸಿಟ್ಟಿನಲ್ಲಿ ದಡಕ್ಕನೆ ಎದ್ದೆ. ಮನೆ ಗಿರ್ರೆಂದಿತು. ಬಾಗಿಲು ಹಿಡಿದು ನೆಲಕ್ಕೆ ಕುಂತೆ.

ಅವ್ವ ಓಡಿ ಬಂದಳು. "ಏನಾತವ್ವಾ?"

"ಎದೆ ಒಡ್ಕತದೆ ಅವ್ವಾ." ಬಾಯಿಗೆ ತಾನಾಗಿ ಬಂದದ್ದು ಅದೇ.

ಅವ್ವ ಗಾಬರಿಯಾಗಿ ನನ್ನ ಮುಖ ನೋಡಿದಳು. "ಯಾರವ್ವಾ, ಯಾರು ಒಡದ್ರು?"

ನನಗೆ ನಗು ತಡೆಯಲಾಗಲಿಲ್ಲ. "ಯಾರೂ ಒಡದಿಲ್ಲ" ಅಂದೆ. ಕಾಗದವನ್ನು ಸಹಿಯಿಲ್ಲದೆ ಮಡಚಿ ಅಣ್ಣನ ಕೈಗೆ ಕೊಟ್ಟೆ.

"ನೀ ಅಲ್ಲಿಯಾಕಿನ ಆಗಿ ಬಿಡು" ಅಂದ ಸಂಗಣ್ಣ. ಅವನ ದನಿಯಲ್ಲಿ ನೋವಿತ್ತು, ನನಗೂ ನೋವಾಯಿತು. ಕಿಕ್ಕೇರಿಯಲ್ಲಿ ನಾನು ಇವತ್ತಿಗೂ 'ಬಿಜಾಪುರದ ಮೇಡಂ' ಎಂಬುದನ್ನು ಅವನಿಗೆ ಹೇಗೆ ಹೇಳಲಿ?

"ಯಾವ ಊರಾಕಿ ಅನ್ನೂದು ಆಮ್ಯಾಲ ನೋಡೂಣು" ಅಂದೆ, ಕುಂತಲ್ಲಿಂದಲೇ. "ಸೋಮವಾರ ನನ್ನ ಸಾಲಿ ಐತಿ."